ಪುರಸಭೆ ಬಜೆಟ್‌ನಲ್ಲಿ ನಿಮ್ಮ ಬೇಡಿಕೆಗೂ ಒಂದು ಸಾಲು ಸಿಗಬೇಕೇ?

ಹನ್ನೊಂದಕ್ಕೆ ಕರೆದ ಬಜೆಟ್ ಪೂರ್ವಭಾವಿ ಸಭೆ ಹನ್ನೆರಡಕ್ಕೆ ಶುರುವಾಗುತ್ತದೆ. ಮೊದಲು ಎದ್ದವರು ಮನೆ ಮುಂದಿನ ಚರಂಡಿ ಕಟ್ಟಿಕೊಂಡ ಕತೆ ಹೇಳುತ್ತಾರೆ. ಎರಡನೆಯವರದ್ದು ಬೀದಿನಾಯಿ. ಮೂರನೆಯವರು ‘ಹೋದ ವರ್ಷವೂ ಇದನ್ನೇ ಹೇಳಿದ್ದೆ’ ಎಂದು ಮೇಜು ಗುದ್ದುತ್ತಾರೆ. ಅಧಿಕಾರಿಗಳು ‘ಪರಿಶೀಲಿಸುತ್ತೇವೆ’ ಎನ್ನುತ್ತಾರೆ. ಟೀ, ಬಿಸ್ಕತ್ತು, ವಂದನಾರ್ಪಣೆ. ಬಜೆಟ್ ಪುಸ್ತಕ ಕೈಗೆ ಬಂದಾಗ ನೋಡಿದರೆ ಅವತ್ತು ಹೇಳಿದ್ದು ಒಂದೂ ಅದರಲ್ಲಿ ಇರುವುದಿಲ್ಲ.

ನಾನೂ ಇಂಥ ಸಭೆಯಲ್ಲಿ ಮೇಜು ಗುದ್ದಿದವನೇ. ಒಂದು ವರ್ಷ ಹನ್ನೊಂದು ಬೇಡಿಕೆ ಬರೆದುಕೊಂಡು ಹೋಗಿದ್ದೆ. ಹನ್ನೊಂದೂ ಬಿದ್ದುಹೋದವು. ಆಮೇಲೆ ಲೆಕ್ಕ ಶಾಖೆಯ ಹಿರಿಯ ಗುಮಾಸ್ತರೊಬ್ಬರು ಮೆಟ್ಟಿಲ ಮೇಲೆ ನಿಂತು ಹೇಳಿದರು: ‘ಸಾರ್, ನೀವು ಹೇಳಿದ್ದು ಎಲ್ಲಾ ಸರಿ. ಆದರೆ ನಾನು ಅದನ್ನ ಯಾವ ಕಾಲಮ್ಮಿನಲ್ಲಿ ಬರೀಲಿ?’ ಈ ಲೇಖನ ಹುಟ್ಟಿದ್ದೇ ಆ ಪ್ರಶ್ನೆಯಿಂದ.

ಮೊದಲ ಹೆಜ್ಜೆ: ಕಚೇರಿ ಯಾವುದು, ಕಾಲ ಯಾವುದು

ಇದು ಸುಲಭ. ಕರ್ನಾಟಕದಲ್ಲಿ 10 ಸಾವಿರದಿಂದ 20 ಸಾವಿರ ಜನಸಂಖ್ಯೆ ಇದ್ದರೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ, ಅದರಾಚೆ ಮಹಾನಗರ ಪಾಲಿಕೆ. ಮೊದಲಿನ ಎರಡಕ್ಕೆ ಮುಖ್ಯಾಧಿಕಾರಿ, ನಗರಸಭೆಗೆ ಪೌರಾಯುಕ್ತರು, ಪಾಲಿಕೆಗೆ ಆಯುಕ್ತರು. ಚುನಾಯಿತ ಮಂಡಳಿಯ ಅವಧಿ ಮುಗಿದಿದ್ದರೆ ಆಡಳಿತಾಧಿಕಾರಿಯೇ ಬಜೆಟ್ ಒಪ್ಪುತ್ತಾರೆ. ಆಗ ಸದಸ್ಯರ ಮನೆ ಬಾಗಿಲು ಬಡಿದು ಪ್ರಯೋಜನವಿಲ್ಲ.

ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರು. ಆದ್ದರಿಂದ ಪೂರ್ವಭಾವಿ ಸಭೆಗಳು ಸಾಮಾನ್ಯವಾಗಿ ಡಿಸೆಂಬರ್‌ನಿಂದ ಫೆಬ್ರುವರಿ ಒಳಗೆ ನಡೆಯುತ್ತವೆ. ಎಷ್ಟೋ ಕಡೆ ಎರಡು ಸುತ್ತು ಇರುತ್ತದೆ. ಎರಡನೇ ಸುತ್ತಿಗೆ ಹೋದರಾಯಿತು ಎಂದು ಕೂರಬೇಡಿ. ಅಷ್ಟು ಹೊತ್ತಿಗೆ ಕರಡು ಅರ್ಧ ಸಿದ್ಧವಾಗಿರುತ್ತದೆ. ಮಾರ್ಚ್‌ನಲ್ಲಿ ಮನವಿ ಕೊಡುವುದಂತೂ ಊಟ ಮುಗಿದ ಮೇಲೆ ಎಲೆ ಹಾಕಿಸಿಕೊಂಡ ಹಾಗೆ.

ಎರಡನೇ ಹೆಜ್ಜೆ: ಹಳೇ ಬಜೆಟ್ ಪುಸ್ತಕ ತನ್ನಿ

ಲೆಕ್ಕ ಶಾಖೆಯಲ್ಲಿ ಕೇಳಿದರೆ ಕೊಡುತ್ತಾರೆ, ಇಲ್ಲವೇ ಜೆರಾಕ್ಸ್ ಮಾಡಿಸಿಕೊಳ್ಳಿ ಎನ್ನುತ್ತಾರೆ. ಸತಾಯಿಸಿದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅಸಲಿಗೆ ಬಜೆಟ್ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದು 2005ರ ಕಾಯ್ದೆಯ 4ನೇ ಕಲಮೇ ಹೇಳುತ್ತದೆ. ಇದನ್ನು ಜಗಳದ ದನಿಯಲ್ಲಿ ಹೇಳಬೇಡಿ. ಮುಂದೆ ಅದೇ ಗುಮಾಸ್ತರ ಸಹಾಯ ಬೇಕಾಗುತ್ತದೆ.

ಪುಸ್ತಕ ಸಿಕ್ಕಿತಾ? ಮೊದಲ ಪುಟದ ‘ಉಳಿತಾಯ ಬಜೆಟ್’ ನೋಡಿ ಮರುಳಾಗಬೇಡಿ. ಪ್ರತಿ ಬಾಬ್ತಿನ ಮುಂದೆ ಹೋದ ವರ್ಷದ ವಾಸ್ತವ, ಈ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಎಂಬ ಕಾಲಮ್ಮುಗಳು ಇರುತ್ತವೆ. ನೀವು ನೋಡಬೇಕಾದ್ದು ವಾಸ್ತವದ ಕಾಲಮ್ಮು. ಮಳಿಗೆ ಬಾಡಿಗೆಯಿಂದ 40 ಲಕ್ಷ ಬರುತ್ತದೆ ಎಂದು ಅಂದಾಜು ಬರೆದು, ನಿಜವಾಗಿ ಬಂದದ್ದು 14 ಲಕ್ಷ ಆಗಿದ್ದರೆ ಉಳಿದ 26 ಲಕ್ಷ ಬರೀ ಕಾಗದದ ಮೇಲಿನ ದುಡ್ಡು. ಆ ದುಡ್ಡು ನಂಬಿ ಬರೆದ ಖರ್ಚು ಆಗುವುದಿಲ್ಲ. ಆರಂಭಿಕ ಶಿಲ್ಕು, ಅಂದರೆ ಹೋದ ವರ್ಷದಿಂದ ಉಳಿದು ಬಂದ ದುಡ್ಡು, ತುಂಬಾ ದೊಡ್ಡದಾಗಿದ್ದರೆ ಅದೂ ಖುಷಿಪಡುವ ವಿಷಯವಲ್ಲ. ಹೋದ ವರ್ಷ ಆಗಬೇಕಿದ್ದ ಕೆಲಸ ಆಗಿಲ್ಲ ಎಂದೂ ಅದಕ್ಕೆ ಅರ್ಥವಿರಬಹುದು.

ಮೂರನೇ ಹೆಜ್ಜೆ: ಯಾವ ದುಡ್ಡು ಯಾವುದಕ್ಕೆ

‘ಅಷ್ಟು ಕೋಟಿ ಬಜೆಟ್ ಇದೆ, ನಮಗೆ ಎರಡು ಲಕ್ಷ ಕೊಡಕ್ಕಾಗಲ್ವಾ?’ ಎಂದು ಎಲ್ಲರೂ ಕೇಳುತ್ತಾರೆ. ಉತ್ತರ ಏನೆಂದರೆ ಆ ಕೋಟಿಯಲ್ಲಿ ಬಹುಪಾಲು ಕಟ್ಟಿಹಾಕಿದ ದುಡ್ಡು. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನವನ್ನೇ ತೆಗೆದುಕೊಳ್ಳಿ. ಸಣ್ಣ ಊರುಗಳಿಗೆ ಕೊಟ್ಟ ಈ ದುಡ್ಡಿನಲ್ಲಿ ಶೇ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ 40 ಮುಕ್ತ ಎಂದು ಹೆಸರು, ಆದರೆ ಅದರಿಂದಲೂ ಸಂಬಳ ಕೊಡುವ ಹಾಗಿರಲಿಲ್ಲ. ಆಸ್ತಿ ತೆರಿಗೆ ರಸೀದಿಯಲ್ಲಿ ಕಾಣುವ ಶೇ 6ರ ಗ್ರಂಥಾಲಯ ಕರ, ಶೇ 3ರ ಭಿಕ್ಷುಕರ ಕರ ಕೂಡ ಪುರಸಭೆಯದ್ದಲ್ಲ. ಅದು ವಸೂಲಿ ಮಾಡಿ ಬೇರೆಯವರಿಗೆ ದಾಟಿಸಬೇಕು. ದಾಟಿಸದೆ ಬಾಕಿ ಇಟ್ಟುಕೊಳ್ಳುವುದು ಬೇರೆ ಕತೆ.

ಇನ್ನು ‘24.10, 7.25, 5’ ಎಂಬ ಮೂರು ಅಂಕಿ. ಪುರಸಭೆ ನಿಧಿ ಮತ್ತು ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನದಲ್ಲಿ ಶೇಕಡಾ ಇಷ್ಟಿಷ್ಟು ಪಾಲನ್ನು ಕ್ರಮವಾಗಿ ಪರಿಶಿಷ್ಟ ಜಾತಿ ಪಂಗಡದವರಿಗೆ, ಇತರ ಬಡವರಿಗೆ, ಅಂಗವಿಕಲರಿಗೆ ಎತ್ತಿಡುವ ಪದ್ಧತಿ ಇದು. ವಿದ್ಯಾರ್ಥಿಗಳಿಗೆ ಸಹಾಯಧನ, ಚಿಕಿತ್ಸೆಯ ಖರ್ಚು, ತ್ರಿಚಕ್ರ ವಾಹನ, ಸಲಕರಣೆ ಎಲ್ಲ ಇದರಿಂದಲೇ. ನೀವು ಕೇಳುವ ಸೇವೆ ಈ ಮೂರರಲ್ಲಿ ಒಂದರ ಕೆಳಗೆ ಬರುತ್ತದೆಯೇ, ಮೊದಲು ನೋಡಿ. ಬಂದರೆ ಅರ್ಧ ಕೆಲಸ ಮುಗಿಯಿತು, ಯಾಕೆಂದರೆ ದುಡ್ಡು ಆಗಲೇ ಎತ್ತಿಟ್ಟಿರುತ್ತದೆ. ವಾಸ್ತವದ ಕಾಲಮ್ಮಿನಲ್ಲಿ ಅದು ಖರ್ಚಾಗದೆ ಉಳಿದಿದ್ದರಂತೂ ನಿಮ್ಮ ವಾದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಮೂರಕ್ಕೂ ಸೇರದ ಸೇವೆಯಾದರೆ ಉಳಿಯುವುದು ಸ್ವಂತ ಆದಾಯ. ಆಸ್ತಿ ತೆರಿಗೆ, ನೀರಿನ ಶುಲ್ಕ, ಮಳಿಗೆ ಬಾಡಿಗೆ, ಲೈಸೆನ್ಸ್ ಶುಲ್ಕ. ಇದು ಚಿಕ್ಕ ಗಂಟು. ಅದರ ಸುತ್ತ ಕೈಗಳು ಜಾಸ್ತಿ.

ನಾಲ್ಕನೇ ಹೆಜ್ಜೆ: ಬೇಡಿಕೆಯನ್ನು ಅಂಕಿ ಮಾಡುವುದು

ಜನ ಎಡವುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಮೊದಲು ದೂರು ಮತ್ತು ಬೇಡಿಕೆ ಬೇರೆ ಮಾಡಿ. ಕೆಟ್ಟ ಬೀದಿದೀಪ ದೂರು. ಅದಕ್ಕೆ ಬಜೆಟ್ ಸಭೆ ಬೇಕಿಲ್ಲ, ಆ ಬಾಬ್ತಿಗೆ ಆಗಲೇ ದುಡ್ಡಿದೆ. ವರ್ಷಪೂರ್ತಿ ನಡೆಯಬೇಕಾದ, ಈಗ ಎಲ್ಲೂ ಇಲ್ಲದ ಒಂದು ಸೇವೆ ಬೇಡಿಕೆ.

ಎರಡನೆಯದು, ಕಟ್ಟಡ ಕೇಳಬೇಡಿ. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಕಟ್ಟಡ ಕೇಳಿದರೆ ಬೇಗ ಸಿಗುತ್ತದೆ. ಟೆಂಡರ್ ಇದೆ, ಶಂಕುಸ್ಥಾಪನೆ ಇದೆ, ಹೆಸರಿನ ಫಲಕ ಇದೆ. ಆಮೇಲೆ ಬೀಗ ತೆಗೆಯುವವರು ಇರುವುದಿಲ್ಲ. ನಮ್ಮ ಬಡಾವಣೆಯಲ್ಲಿ ನಾವೇ ಓಡಾಡಿ ಕಟ್ಟಿಸಿಕೊಂಡ ಸಮುದಾಯ ಭವನದಲ್ಲಿ ಈಗ ಮುರಿದ ಕಸದ ಬುಟ್ಟಿಗಳು ಮತ್ತು ತುಕ್ಕು ಹಿಡಿದ ಕಂಬಗಳು ವಾಸವಾಗಿವೆ. ಶುದ್ಧ ಕುಡಿಯುವ ನೀರಿನ ಘಟಕಗಳದ್ದೂ ಎಷ್ಟೋ ಕಡೆ ಇದೇ ಪಾಡು. ಯಂತ್ರಕ್ಕೆ ದುಡ್ಡು ಬಂತು, ನೀರು ಸೋಸುವ ಮೆಂಬ್ರೇನ್ ಬದಲಿಸಲು ಬರಲಿಲ್ಲ. ಪಾರ್ಕಿನ ಓಪನ್ ಜಿಮ್ ಉಪಕರಣಗಳ ಬಗ್ಗೆ ಮಾತೇ ಬೇಡ. ಬೇರಿಂಗ್ ಹೋದ ಮೇಲೆ ಅವು ಬಟ್ಟೆ ಒಣಗಿಸಲು ಚೆನ್ನಾಗಿವೆ.

ಹಾಗಾಗಿ ನಡೆಸುವ ಖರ್ಚು ಕೇಳಿ. ಬಜೆಟ್ ಭಾಷೆಯಲ್ಲಿ ಇದು ಬಂಡವಾಳ ಖರ್ಚಲ್ಲ, ರಾಜಸ್ವ ಖರ್ಚು. ಸಿಗುವುದು ಕಷ್ಟ, ಆದರೆ ಸಿಕ್ಕರೆ ಸೇವೆ ನಡೆಯುತ್ತದೆ.

ಒಂದು ಉದಾಹರಣೆ ಹಿಡಿಯೋಣ. ಬೀಗ ಹಾಕಿದ ಭವನವನ್ನು ದಿನಾ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಹಿರಿಯರು ಬಂದು ಕೂರುವ ಜಾಗ ಮಾಡಬೇಕು. ಜನ ಏನು ಬರೆಯುತ್ತಾರೆ? ‘ಹಿರಿಯ ನಾಗರಿಕರಿಗೆ ಸೂಕ್ತ ವ್ಯವಸ್ಥೆ ಕಲ್ಪಿಸಬೇಕಾಗಿ ವಿನಂತಿ.’ ಗುಮಾಸ್ತರು ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು, ಹೇಳಿ?

ಲೆಕ್ಕ ಹೀಗೆ ಹಾಕಿ. ಒಬ್ಬರು ನೋಡಿಕೊಳ್ಳುವವರು ಬೇಕು. ತಿಂಗಳಿಗೆ 15,000 ಎಂದಿಟ್ಟುಕೊಳ್ಳಿ. ನಿಮ್ಮ ಊರಿಗೆ ಅನ್ವಯಿಸುವ ಕನಿಷ್ಠ ವೇತನ ಇದಕ್ಕಿಂತ ಜಾಸ್ತಿ ಇದ್ದರೆ ಅದನ್ನೇ ಹಾಕಿ, ಕಡಿಮೆ ಮಾತ್ರ ಹಾಕಬೇಡಿ. ಇಲ್ಲಿಗೆ ಹೆಚ್ಚಿನವರು ಪೆನ್ನು ಕೆಳಗಿಡುತ್ತಾರೆ. ತಪ್ಪು. ಹೊರಗುತ್ತಿಗೆಯ ಕೆಲಸಗಾರರಿಗೆ ಪಿಎಫ್‌ನಲ್ಲಿ ಮಾಲೀಕರ ಪಾಲು ಶೇ 13, ಇಎಸ್‌ಐಯಲ್ಲಿ ಶೇ 3.25 ಸೇರುತ್ತದೆ. 15,000ಕ್ಕೆ ಇದು 2,437 ರೂಪಾಯಿ 50 ಪೈಸೆ. ಒಟ್ಟು ತಿಂಗಳಿಗೆ 17,437.50. ವರ್ಷಕ್ಕೆ 2,09,250. ಇದಕ್ಕೆ ಕರೆಂಟು ತಿಂಗಳಿಗೆ 1,500ರಂತೆ 18,000 ಸೇರಿಸಿ. ಕುಡಿಯುವ ನೀರು, ಪತ್ರಿಕೆ, ಫಿನಾಯಿಲ್ ಎಂದು ತಿಂಗಳಿಗೆ 2,000ದಂತೆ 24,000. ಸಣ್ಣಪುಟ್ಟ ರಿಪೇರಿಗೆ 20,000. ಎಲ್ಲ ಕೂಡಿದರೆ 2,71,250. ಹೊರಗುತ್ತಿಗೆಗೆ ಜನ ಒದಗಿಸುವ ಏಜೆನ್ಸಿಯ ಸೇವಾ ಶುಲ್ಕಕ್ಕೂ ಜಾಗ ಬಿಟ್ಟು 2.80 ಲಕ್ಷ ಎಂದು ಬರೆಯಿರಿ.

ಪಿಎಫ್, ಇಎಸ್‌ಐ ಸೇರಿಸದ ಲೆಕ್ಕ ಕೊಟ್ಟರೆ ಲೆಕ್ಕಾಧೀಕ್ಷಕರು ಒಂದೇ ನೋಟಕ್ಕೆ ‘ಅಂದಾಜು ಸರಿಯಿಲ್ಲ’ ಎಂದು ಬದಿಗಿಡುತ್ತಾರೆ. ಸೇರಿಸಿದ ಲೆಕ್ಕ ಕಂಡರೆ ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದುತ್ತಾರೆ. ನಿಮಗೆ ಬೇಕಾದ್ದು ಆ ಎರಡನೇ ಓದು.

ಈಗ ದುಡ್ಡಿನ ಮೂಲ ತೋರಿಸಿ. ಸಂಬಳ ಇರುವ ಖರ್ಚಾದ್ದರಿಂದ ಹಣಕಾಸು ಆಯೋಗದ ದುಡ್ಡು ಆಗದು, ಸ್ವಂತ ಆದಾಯವೇ ಬೇಕು. ಹಳೇ ಪುಸ್ತಕದಲ್ಲಿ ಮಳಿಗೆ ಬಾಡಿಗೆಯಲ್ಲಿ ವಸೂಲಾಗದೆ ಬಾಕಿ ಉಳಿದ 26 ಲಕ್ಷ ಕಂಡಿತ್ತಲ್ಲ? ‘ಬಾಕಿಯಲ್ಲಿ ಹತ್ತರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ವಸೂಲಾದರೂ ಈ ಖರ್ಚು ಕಳೆಯುತ್ತದೆ’ ಎಂದು ಒಂದು ವಾಕ್ಯ ಬರೆಯಿರಿ. ಮಳಿಗೆ ಹಿಡಿದವರಿಗೆ ಬೇಕಾದವರು ಸಭೆಯಲ್ಲೇ ಕೂತಿರಬಹುದು. ಇರಲಿ ಬಿಡಿ.

ಕೊನೆಗೆ ಲೆಕ್ಕ ಶೀರ್ಷಿಕೆ. ಹಳೇ ಪುಸ್ತಕದಲ್ಲಿ ಭವನಗಳ ನಿರ್ವಹಣೆಗೆ ಯಾವ ಹೆಸರು, ಯಾವ ಸಂಖ್ಯೆ ಇದೆಯೋ ಅದನ್ನೇ ಹಾಗೆಯೇ ಎತ್ತಿ ಬರೆಯಿರಿ. ಹೊಸ ಶೀರ್ಷಿಕೆ ಸೃಷ್ಟಿಸಿ ಎಂದು ಕೇಳಬೇಡಿ. ಇರುವ ಸಾಲಿಗೆ ದುಡ್ಡು ಏರಿಸುವುದು ಹೊಸ ಸಾಲು ಹುಟ್ಟಿಸುವುದಕ್ಕಿಂತ ಎಷ್ಟೋ ಸಲೀಸು.

ಇಷ್ಟೂ ಒಂದೇ ಪುಟದಲ್ಲಿ ಇರಲಿ. ಒಂದು ಮನವಿಗೆ ಒಂದೇ ಬೇಡಿಕೆ. ಟೈಪಿಂಗ್ ಅಂಗಡಿಗಳಲ್ಲಿ ಸಿಗುವ ರೆಡಿ ಮನವಿ ತರಬೇಡಿ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಘನ ಸನ್ನಿಧಾನದಲ್ಲಿ’ ಎಂದು ಶುರುವಾಗಿ ವಿಷಯ ಬರುವ ಹೊತ್ತಿಗೆ ಪುಟವೇ ಮುಗಿದಿರುತ್ತದೆ. ನೂರಾರು ಸಹಿ ಸಂಗ್ರಹವೂ ನನಗೆ ಇಷ್ಟವಿಲ್ಲ. ಅದೇ ಸಮಯದಲ್ಲಿ ಎಷ್ಟು ಹಿರಿಯರು ನಿಜವಾಗಿ ಬರುತ್ತಾರೆ ಎಂದು ಮನೆಮನೆ ಕೇಳಿ ಒಂದು ಸಂಖ್ಯೆ ಬರೆದರೆ ಹೆಚ್ಚು ಕೆಲಸ ಮಾಡುತ್ತದೆ.

ಐದನೇ ಹೆಜ್ಜೆ: ಟಪಾಲಿನಲ್ಲಿ ಕೊಡಿ, ಸಭೆಯಲ್ಲಿ ಎರಡೇ ನಿಮಿಷ ಮಾತಾಡಿ

ಮನವಿಯನ್ನು ಅಧ್ಯಕ್ಷರ ಕೈಗೆ ಕೊಟ್ಟು ಫೋಟೊ ತೆಗೆಸಿಕೊಳ್ಳುವುದು ಒಳ್ಳೆಯದೇ. ಆದರೆ ಆ ಪ್ರತಿ ಕಾರಿನ ಹಿಂದಿನ ಸೀಟಿನಲ್ಲಿ ಉಳಿಯುತ್ತದೆ. ಇನ್ನೊಂದು ಪ್ರತಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಸೀಲು, ದಿನಾಂಕ, ಸಂಖ್ಯೆ ಹಾಕಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಮನವಿಗೆ ಸಂಖ್ಯೆ ಬೀಳುವುದಿಲ್ಲ.

ಸಭೆಯಲ್ಲಿ ಆ ಸಂಖ್ಯೆ, ಬೇಡಿಕೆ, ಮೊತ್ತ, ಮೂಲ ಹೇಳಿ ಕೂತುಬಿಡಿ. ನಿಮ್ಮ ಹೆಸರು ಮತ್ತು ಬೇಡಿಕೆ ನಡಾವಳಿಯಲ್ಲಿ ಬರಲಿ ಎಂದು ಕೊನೆಗೆ ಒಂದು ಮಾತು ಸೇರಿಸಿ. ಆಮೇಲೆ ನಿಮ್ಮ ವಾರ್ಡ್ ಸದಸ್ಯರಿಗೂ ಒಂದು ಪ್ರತಿ. ಸಾಮಾನ್ಯ ಸಭೆಯಲ್ಲಿ ಬಾಯಿ ಬಿಡಬೇಕಾದವರು ಅವರು, ನಿಮಗೆ ಅಲ್ಲಿ ಮಾತಾಡುವ ಹಕ್ಕಿಲ್ಲ. ಪಕ್ಕದ ವಾರ್ಡಿನ ಸದಸ್ಯರನ್ನೂ ನೋಡಿ ಬನ್ನಿ. ಅವರ ವಾರ್ಡಿನ ಹಿರಿಯರೂ ಬರಬಹುದು ಎಂದರೆ ವಿರೋಧ ತಾನಾಗಿ ತಣ್ಣಗಾಗುತ್ತದೆ.

ಆರನೇ ಹೆಜ್ಜೆ: ಸಾಲು ಬಂದ ಮೇಲೆ

ಬಜೆಟ್‌ನಲ್ಲಿ ಸಾಲು ಕಂಡಿತು ಎಂದು ಪೇಡ ಹಂಚಬೇಡಿ. ಅದು ಖರ್ಚು ಮಾಡಬಹುದು ಎಂಬ ಅನುಮತಿ, ಮಾಡಲೇಬೇಕು ಎಂಬ ಆದೇಶವಲ್ಲ. ಅನುದಾನದ ದುಡ್ಡಾದರೆ ಕ್ರಿಯಾ ಯೋಜನೆ ತಯಾರಾಗಿ ಜಿಲ್ಲಾಧಿಕಾರಿಗಳ ಕಚೇರಿಯಿಂದ ಅನುಮೋದನೆ ಬರಬೇಕು. ಸ್ವಂತ ನಿಧಿಯಾದರೂ ಕಡತ ಯಾರಾದರೂ ಎತ್ತಬೇಕು. ನಮ್ಮ ಬೇಡಿಕೆಗೆ ಕೊನೆಗೂ ಸಾಲು ಬಂದ ಮೊದಲ ವರ್ಷ ಒಂದು ಪೈಸೆಯೂ ಖರ್ಚಾಗಲಿಲ್ಲ. ನಾವು ಸುಮ್ನೆ ಕಾದು ಕೂತದ್ದೇ ಕಾರಣ.

ಜೂನ್‌ನಲ್ಲಿ ಒಮ್ಮೆ ಹೋಗಿ ಕಡತದ ಸಂಖ್ಯೆ ಕೇಳಿ. ಸಂಖ್ಯೆ ಇಲ್ಲ ಎಂದರೆ ಕಡತವೇ ಹುಟ್ಟಿಲ್ಲ ಎಂದರ್ಥ. ಟಪಾಲಿನ ಸೀಲು ತೋರಿಸಿ ಅವತ್ತೇ ಹುಟ್ಟಿಸಿ. ಅಕ್ಟೋಬರ್‌ನಲ್ಲಿ ಮತ್ತೆ ಹೋಗಿ ಆ ಬಾಬ್ತಿನಲ್ಲಿ ಎಷ್ಟು ಖರ್ಚಾಗಿದೆ ಎಂದು ಕೇಳಿ. ಸೊನ್ನೆ ಎಂದರೆ ಲಿಖಿತವಾಗಿ ಬರೆಸಿಕೊಳ್ಳಿ, ಯಾಕೆಂದರೆ ಪರಿಷ್ಕೃತ ಅಂದಾಜು ಬರೆಯುವಾಗ ಮೊದಲು ಕತ್ತರಿ ಬೀಳುವುದು ಸೊನ್ನೆ ಖರ್ಚಿನ ಸಾಲುಗಳಿಗೆ. ಡಿಸೆಂಬರ್‌ನಲ್ಲಿ ಮುಂದಿನ ಪೂರ್ವಭಾವಿ ಸಭೆಗೆ ಹೋಗುವಾಗ ಆ ಕಾಗದ ಜೇಬಿನಲ್ಲಿರಲಿ.