ಗಲ್ಲಾದಲ್ಲಿ ಕೂರುವವನ ಸಯಾಟಿಕಾ: ಮಾತ್ರೆಯಿಲ್ಲದೆ ನೋವು ಇಳಿಸಿದ ನನ್ನ ಅನುಭವ

ಬಲಗಾಲಿನ ಸಯಾಟಿಕಾ, ಅಂದರೆ ಸೊಂಟದಲ್ಲಿ ನರ ಒತ್ತಿ ಕಾಲಿಗೆ ಇಳಿಯುವ ನೋವು, ಮಾತ್ರೆಯಿಲ್ಲದೆ ನನ್ನ ಹಿಡಿತಕ್ಕೆ ಬಂದಿದೆ ಎಂದಾಗ ಮುಂಬೈ ಮಾಟುಂಗದ ನಮ್ಮ ಹೋಟೆಲ್ ಬಳಗದಲ್ಲಿ ನಂಬಿದವರು ಕಡಿಮೆ. "ಆಪರೇಷನ್ ಇಲ್ಲದೆ ಹೋಗುವ ನೋವು ಇದಲ್ಲ ಮಾರಾಯರೇ" ಎಂದು ಹಿರಿಯರೊಬ್ಬರು ಖಚಿತವಾಗಿ ಹೇಳಿದ್ದರು. ಈಗ ಒಂದೂವರೆ ವರ್ಷವಾಗುತ್ತ ಬಂದಿದೆ, ಅದೇ ಹಿರಿಯರು ತಮ್ಮ ಅಳಿಯನನ್ನು ನನ್ನ ಬಳಿಗೆ ಕಳುಹಿಸಿದ್ದಾರೆ. ಓದುವವರು ಎಮ್‌ಆರ್‌ಐ ಮಾಡಿಸಿ, ಸೊಂಟದ ಬೆಲ್ಟ್ ಕೊಂಡು, ಎಣ್ಣೆಗಳನ್ನೆಲ್ಲ ಹಚ್ಚಿ ನೋಡಿದವರೇ ಆಗಿರುತ್ತಾರೆಂದು ಭಾವಿಸಿ, ಡಿಸ್ಕ್ ಎಂದರೇನು, ನರ ಎಲ್ಲಿ ಒತ್ತುತ್ತದೆ ಎಂಬ ವಿವರಣೆಗೆ ಹೋಗುವುದಿಲ್ಲ.

ನನ್ನದು ಎಲ್4–ಎಲ್5 ನಡುವಿನ, ಅಂದರೆ ಸೊಂಟದ ಕೊನೆಯ ಎರಡು ಬೆನ್ನುಮೂಳೆಗಳ ನಡುವಿನ ಮೆತ್ತೆಯ (ಡಿಸ್ಕ್) ತೊಂದರೆ. ನೋವು ಪೃಷ್ಠದಿಂದ ಹೊರಟು, ತೊಡೆಯ ಹಿಂಬದಿಯಿಂದ ಮೀನಖಂಡದ ಹೊರಮಗ್ಗುಲಿಗೆ ಇಳಿದು, ಪಾದದ ಮೇಲಿನಿಂದ ಹೆಬ್ಬೆರಳು ಮುಟ್ಟುತ್ತಿತ್ತು. ದಿನಕ್ಕೆ ಸುಮಾರು ಹತ್ತು ಗಂಟೆ ಗಲ್ಲಾದಲ್ಲಿ ಕೂರುವ ಕೆಲಸ, ಅದರ ಮೇಲೆ ಡೊಂಬಿವಲಿಯಿಂದ ಸ್ಲೋ ಲೋಕಲ್‌ನಲ್ಲಿ ಒಂದು ಗಂಟೆಯ ಹತ್ತಿರದ ಪ್ರಯಾಣ. ಲೋಕಲ್‌ನಲ್ಲಿ ಸೀಟು ಸಿಕ್ಕಿದ ದಿನ ನೋವು ಹೆಚ್ಚು, ನಿಂತೇ ಬಂದ ದಿನ ಕಡಿಮೆ ಎಂಬುದನ್ನು ನಾನು ಗಮನಿಸಿದ್ದೆ. ಮುಂದೆ ನನಗೆ ದಾರಿ ತೋರಿದ್ದು ಇದೇ ಗಮನಿಕೆ.

ವೈದ್ಯರು ಬರೆದುಕೊಟ್ಟ ಪ್ರೆಗಾಬಲಿನ್ ಎಂಬ ನರನೋವಿನ ಮಾತ್ರೆ ನೋವನ್ನು ಸ್ವಲ್ಪ ತಗ್ಗಿಸಿತು, ಆದರೆ ಮಧ್ಯಾಹ್ನದ ಊಟದ ಗಲಾಟೆಯಲ್ಲಿ ಚಿಲ್ಲರೆ ಎಣಿಸುವಾಗ ಕಣ್ಣಿಗೆ ಮಂಪರು ಕವಿಯುತ್ತಿತ್ತು. ಬಿಡಬೇಕೆಂಬ ಯೋಚನೆಯನ್ನು ಅವರ ಮುಂದೆಯೇ ಇಟ್ಟೆ, ಅವರು ಕೆಲವು ವಾರಗಳಲ್ಲಿ ಪ್ರಮಾಣವನ್ನು ಹಂತಹಂತವಾಗಿ ಇಳಿಸಿದರು. ಈ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ನಿದ್ರೆ ಕೆಡುತ್ತದೆ, ತಲೆನೋವು ಮತ್ತು ಕಳವಳ ಬರುತ್ತವೆ. ಆದ್ದರಿಂದ ನನ್ನ ಮಾತು ಕೇಳಿ ಯಾರೂ ಡಬ್ಬಿಯನ್ನು ಕಸಕ್ಕೆ ಎಸೆಯಬಾರದು.

ಇನ್ನು ಹಣದ ಮಾತು. ಎಮ್‌ಆರ್‌ಐಗೆ ಏಳು ಸಾವಿರದ ಹತ್ತಿರ, ಬೆಲ್ಟಿಗೆ ಸಾವಿರದ ಮೇಲೆ. ಎಳೆತದ ಚಿಕಿತ್ಸೆ, ಅಂದರೆ ಟ್ರ್ಯಾಕ್ಷನ್, ಒಂದು ಸಲಕ್ಕೆ ನಾಲ್ಕು ನೂರರಂತೆ ಮೂರು ವಾರ ನಡೆಯಿತು. ಮೇಜಿನ ಮೇಲಿರುವಷ್ಟು ಹೊತ್ತು ಹಿತವೆನಿಸುತ್ತಿತ್ತು, ಎದ್ದು ಮೆಟ್ಟಿಲಿಳಿಯುವಷ್ಟರಲ್ಲಿ ಸೆಳೆತ ಮರಳುತ್ತಿತ್ತು. ಊರಿಗೆ ಹೋಗಿ ಮಾಡಿಸಿಕೊಂಡ ಎಣ್ಣೆಯ ಉಪಚಾರಕ್ಕೆ, ಹೋಗಿಬರುವ ಖರ್ಚು ಸೇರಿ, ಮೂವತ್ತು ಸಾವಿರ ಹೋಯಿತು. ಅದರಿಂದ ಸ್ನಾಯುಗಳು ಸಡಿಲಗೊಂಡವು, ಕಾಲಿನ ನೋವು ಇದ್ದಲ್ಲಿಯೇ ಇತ್ತು. ಅಯಸ್ಕಾಂತದ ಹಾಸಿಗೆಗೆ ಕೊಟ್ಟ ಹದಿನೆಂಟು ಸಾವಿರ ಪೂರ್ತಿ ನಷ್ಟ. ಟೆನ್ಸ್ ಯಂತ್ರ ಎರಡು ಸಾವಿರದೊಳಗೆ ಸಿಕ್ಕಿತು. ಚರ್ಮದ ಮೇಲೆ ಸಣ್ಣ ವಿದ್ಯುತ್ ಕೊಡುವ ಈ ಯಂತ್ರ ಹಾಕಿದಾಗಲೂ, ತೆಗೆದ ಮೇಲೆ ಒಂದಷ್ಟು ಹೊತ್ತೂ ನೋವು ಮಂಕಾಗುತ್ತದೆ. ಹಣಕ್ಕೆ ಮೋಸವಿಲ್ಲ, ಆದರೆ ಪೇಸ್‌ಮೇಕರ್ ಇರುವವರು ಇದರ ಹತ್ತಿರ ಹೋಗಬಾರದು. ಎಲ್ಲ ಸೇರಿ ಅರವತ್ತು ಸಾವಿರ ದಾಟಿತ್ತು. ಕೊನೆಗೆ ಕೆಲಸಕ್ಕೆ ಬಂದ ವಿಧಾನಕ್ಕೆ ಆದ ಖರ್ಚು ದಾದರಿನ ಫಿಸಿಯೋಥೆರಪಿಸ್ಟ್ ಒಬ್ಬರ ಕೆಲವು ಭೇಟಿಗಳ ಶುಲ್ಕ, ಒಂದು ಚಾಪೆ, ಒಂದು ಹಳೆಯ ಟವೆಲ್, ಇಷ್ಟೇ.

ಆಕೆ ಮೊದಲ ದಿನವೇ ನನ್ನನ್ನು ಮುಂದಕ್ಕೂ ಹಿಂದಕ್ಕೂ ಹಲವು ಸಲ ಬಾಗಿಸಿ, ಪ್ರತಿ ಸಲವೂ ನೋವು ಎಲ್ಲಿಯವರೆಗೆ ಇಳಿಯಿತೆಂದು ಕೇಳಿದರು. ಮುಂದಕ್ಕೆ ಬಾಗಿದರೆ ಹೆಬ್ಬೆರಳಿಗೆ ಇಳಿಯುತ್ತಿತ್ತು, ಹಿಂದಕ್ಕೆ ಬಾಗಿದರೆ ಮೊಣಕಾಲಿನ ಮೇಲೆಯೇ ನಿಲ್ಲುತ್ತಿತ್ತು. ಇದು ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿಯವರ ಪದ್ಧತಿ. 1956ರಲ್ಲಿ ಕಾಲುನೋವಿನ ರೋಗಿಯೊಬ್ಬರು ತಲೆಯ ಭಾಗ ಎತ್ತರಿಸಿದ್ದ ಮೇಜಿನ ಮೇಲೆ ಆಕಸ್ಮಿಕವಾಗಿ ಬೋರಲು ಮಲಗಿ, ಎದ್ದಾಗ ಕಾಲಿನ ನೋವು ಇಲ್ಲವಾಗಿದ್ದನ್ನು ಕಂಡು ಅವರು ಇದನ್ನು ಬೆಳೆಸಿದರು. ಮೊದಲು ಐದು ನಿಮಿಷ ಸುಮ್ಮನೆ ಬೋರಲು ಮಲಗುವುದು, ಆಮೇಲೆ ಮೊಣಕೈಗಳ ಮೇಲೆ ಎದೆ ಎತ್ತುವುದು, ಅದು ಸಲೀಸಾದ ಮೇಲೆ ಸೊಂಟವನ್ನು ಚಾಪೆಗೆ ಬಿಟ್ಟು ಅಂಗೈ ಊರಿ ಮೇಲೇಳುವುದು. ಒಂದು ಸರದಿಗೆ ಹತ್ತು ಸಲ, ಎಚ್ಚರವಿರುವಾಗ ಎರಡು ಮೂರು ಗಂಟೆಗೊಮ್ಮೆ. ಭುಜಂಗಾಸನ ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣದು, ಆದರೆ ಇಲ್ಲಿ ಬೆನ್ನು ಮತ್ತು ಪೃಷ್ಠದ ಸ್ನಾಯುಗಳನ್ನು ಪೂರ್ತಿ ಸಡಿಲ ಬಿಟ್ಟು ತೋಳುಗಳಿಂದಲೇ ಕೆಲಸ ಮಾಡಿಸಬೇಕು.

ಮೊದಲ ವಾರ ಸೊಂಟದ ನೋವು ಹೆಚ್ಚಿತು. ಮನೆಯಲ್ಲಿ ಎಲ್ಲರೂ ನಿಲ್ಲಿಸೆಂದರು. ಆದರೆ ಅದೇ ಹೊತ್ತಿಗೆ ಪಾದದ ಉರಿ ಮೀನಖಂಡಕ್ಕೂ, ಅಲ್ಲಿಂದ ತೊಡೆಗೂ ಏರಿತ್ತು. ನೋವು ತುದಿಯಿಂದ ಬೆನ್ನಿನ ಕಡೆಗೆ ಸರಿಯುತ್ತಿದ್ದರೆ, ಬೆನ್ನು ಎಷ್ಟೇ ಗೊಣಗಿದರೂ, ದಾರಿ ಸರಿಯಿದೆ ಎಂದು ತಿಳಿಯಬೇಕು. ಬೆರಳಿನ ಕಡೆಗೆ ಇಳಿಯುತ್ತಿದ್ದರೆ ಆ ಕ್ಷಣವೇ ನಿಲ್ಲಿಸಬೇಕು. ನನ್ನ ಇಡೀ ಅನುಭವದ ಸಾರ ಈ ಒಂದು ಸೂತ್ರದಲ್ಲಿದೆ, ಆದರೆ ಜನ ಇದನ್ನೇ ಬಿಟ್ಟು ಬರಿಯ ವ್ಯಾಯಾಮವನ್ನು ನಕಲು ಮಾಡುತ್ತಾರೆ. ನಮ್ಮ ಅಡುಗೆಮನೆಯ ಹಿರಿಯ ಭಟ್ಟರು ಹಾಗೆಯೇ ಮಾಡಿ ಎರಡೂ ಕಾಲಿನ ನೋವು ಹೆಚ್ಚಿಸಿಕೊಂಡರು. ಅವರಿಗಿದ್ದುದು ವಯಸ್ಸಿನಿಂದ ಬೆನ್ನುಹುರಿಯ ನಾಳ ಕಿರಿದಾದ ತೊಂದರೆ. ನಡೆದರೆ ನೋವು, ಮುಂದಕ್ಕೆ ಬಾಗಿ ಕುಳಿತರೆ ಆರಾಮ. ಅಂಥವರಿಗೆ ಹಿಂದಕ್ಕೆ ಬಾಗುವುದು ಸಲ್ಲದು, ಮೊಣಕಾಲನ್ನು ಎದೆಗೆ ತರುವ ವ್ಯಾಯಾಮವೇ ಹೊಂದುತ್ತದೆ. ಅವರಿಗೂ ಈಗ ಪರವಾಗಿಲ್ಲ.

ಎರಡನೆಯದು ನರವನ್ನು ಜಾರಿಸುವ ವ್ಯಾಯಾಮ. ಕುಳಿತು ಮೊಣಕಾಲು ಚಾಚುವಾಗ ತಲೆ ಮೇಲೆತ್ತಬೇಕು, ಕಾಲು ಮಡಚುವಾಗ ತಲೆ ತಗ್ಗಿಸಬೇಕು. ಕೆರಳಿದ ನರವನ್ನು ಎಳೆದು ಹಿಡಿದರೆ ಅದು ಇನ್ನಷ್ಟು ಕೆರಳುತ್ತದೆ. ಬಾವಿಯ ಗಾಲಿಯ ಮೇಲೆ ಹಗ್ಗ ಆಡುವಂತೆ ಅದು ಆಚೀಚೆ ಸರಿಯಬೇಕು, ಅಷ್ಟೇ. ಪಶ್ಚಿಮೋತ್ತಾನಾಸನದಿಂದ ಕಾಲು ಎಳೆದುಕೊಂಡು ಕೆಡಿಸಿಕೊಂಡವರನ್ನು ನಾನು ಬಹಳ ಕಂಡಿದ್ದೇನೆ. ಇದರ ಜೊತೆಗೆ ಸಂಜೆಯ ಬಿಡುವಿನಲ್ಲಿ ಫೈವ್ ಗಾರ್ಡನ್ಸ್ ಸುತ್ತ ನಡಿಗೆ, ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ. ಗಲ್ಲಾದ ಸ್ಟೂಲನ್ನು ಸೊಂಟ ಮೊಣಕಾಲಿಗಿಂತ ಮೇಲಿರುವಷ್ಟು ಎತ್ತರಿಸಿದೆ, ಸೊಂಟದ ಹಿಂದೆ ಸುತ್ತಿದ ಟವೆಲ್ ಇಟ್ಟೆ. ಆ ಸ್ಟೂಲಿಗೆ ಬಡಗಿಯಿಂದ ಮಾಡಿಸಿದ ಇನ್ನೊಂದು ಬದಲಾವಣೆಯಿದೆ. ಅದರ ಅಳತೆಯನ್ನು ಬಂದು ನೋಡಿದವರಿಗೆ ಮಾತ್ರ ತೋರಿಸುತ್ತೇನೆ.

ನಡುವೆ ಮಾಡಿದ ಪಕ್ಕದ ಪ್ರಯೋಗಗಳೂ ಇವೆ. ಹೆಬ್ಬೆರಳಿನ ಜೋಮು ಹೋಗದಿದ್ದಾಗ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿದೆ, 150ರ ಆಸುಪಾಸು ಬಂತು, ಅಂದರೆ ಕಡಿಮೆ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಇದು ಕುಸಿಯುವುದು ಸಾಮಾನ್ಯ, ಕುಸಿದರೆ ಕೈಕಾಲು ಜೋಮು ಹಿಡಿಯುವುದೂ ಸಾಮಾನ್ಯ. ಪೂರಕ ತೆಗೆದುಕೊಂಡ ಮೇಲೆ ಜೋಮು ಮುಕ್ಕಾಲು ಪಾಲು ಇಳಿಯಿತು. ಆದರೆ ನರಕ್ಕೆ ಒಳ್ಳೆಯದೆಂದು ಬಿ6 ಹೆಚ್ಚಿರುವ ಮಾತ್ರೆಗಳನ್ನು ಬಹುಕಾಲ ನುಂಗಿದರೆ ಅದೇ ನರವನ್ನು ಕೆಡಿಸುತ್ತದೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಮುಲಾಮು ನನ್ನ ಸೊಂಟಕ್ಕೆ ಏನೂ ಮಾಡಲಿಲ್ಲ. ಪುಣೆಯಲ್ಲಿರುವ ನನ್ನ ಚಿಕ್ಕಮ್ಮನಿಗೆ ಸರ್ಪಸುತ್ತು ಮಾಗಿದ ಮೇಲೂ ಪಕ್ಕೆಯಲ್ಲಿ ಉಳಿದ ಉರಿಗೆ ಅದೇ ಮುಲಾಮು, ಕೆಲವು ವಾರ ಬಿಡದೆ ಹಚ್ಚಿದ ಮೇಲೆ, ಚೆನ್ನಾಗಿ ಹಿಡಿಯಿತು. ಗಾಯ ಪೂರ್ತಿ ಒಣಗಿದ ಚರ್ಮಕ್ಕೆ ಮಾತ್ರ ಹಚ್ಚಬೇಕು, ಹಚ್ಚಿದ ಕೈಯನ್ನು ಸೋಪಿನಿಂದ ತೊಳೆಯದೆ ಕಣ್ಣು ಮುಟ್ಟಬಾರದು, ಅದರ ಮೇಲೆ ಬಿಸಿನೀರಿನ ಚೀಲ ಇಡಬಾರದು.

ಡಿಸ್ಕಿನ ಸಯಾಟಿಕಾ ಬಹಳ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ನಿಮ್ಮದೂ ಹಾಗೆಯೇ ಇಳಿದಿರಬೇಕು ಎಂದು ವಾದಿಸುವವರಿದ್ದಾರೆ. ನನ್ನದು ವರ್ಷ ದಾಟಿ ಕಾಡಿದ ನೋವು, ಮತ್ತು ವ್ಯಾಯಾಮ ಬಿಟ್ಟ ವಾರಗಳಲ್ಲಿ ಅದು ಪಾದದ ಕಡೆಗೆ ಇಳಿದದ್ದನ್ನೂ ಹಿಡಿದ ವಾರಗಳಲ್ಲಿ ಬೆನ್ನಿನ ಕಡೆಗೆ ಏರಿದ್ದನ್ನೂ ನಾನು ಲೆಕ್ಕದ ಪುಸ್ತಕದ ಅಂಚಿನಲ್ಲಿ ಬರೆದಿಟ್ಟಿದ್ದೇನೆ. ಆದರೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಕುಳಿತುಕೊಳ್ಳುವ ಭಾಗ ಮರಗಟ್ಟಿದರೆ, ಪಾದ ಮೇಲೆತ್ತಲಾಗದೆ ನೆಲಕ್ಕೆ ಎಳೆಯುತ್ತಿದ್ದರೆ, ಚಾಪೆ ಮಡಚಿಟ್ಟು ಅದೇ ದಿನ ಸಾಯನ್ ಅಥವಾ ಕೆಇಎಮ್ ಆಸ್ಪತ್ರೆಗೆ ಓಡಬೇಕು. ಅಲ್ಲಿ ನನ್ನ ವಿಧಾನಕ್ಕೆ ಕೆಲಸವಿಲ್ಲ.

ಕಳೆದ ಮಳೆಗಾಲದಲ್ಲಿ ಹಳಿಯ ಮೇಲೆ ನೀರು ನಿಂತು, ಕುರ್ಲಾದ ಬಳಿ ಲೋಕಲ್‌ನಲ್ಲಿ ಮೂರು ಗಂಟೆಯ ಹತ್ತಿರ ಕೂತಲ್ಲೇ ಕೂರಬೇಕಾಯಿತು. ಸೆಳೆತ ಮತ್ತೆ ಮೀನಖಂಡಕ್ಕೆ ಇಳಿಯಿತು. ಸೀಟನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು, ಬಾಗಿಲ ಬಳಿಯ ಜಾಗದಲ್ಲಿ ನಿಂತು, ಎರಡೂ ಕೈಗಳನ್ನು ಸೊಂಟಕ್ಕೆ ಕೊಟ್ಟು ಹತ್ತು ಹತ್ತು ಸಲ ಹಿಂದಕ್ಕೆ ಬಾಗಿದೆ. ಮನೆ ಸೇರುವ ಹೊತ್ತಿಗೆ ನೋವು ತೊಡೆಯ ಮೇಲಕ್ಕೆ ಬಂದಿತ್ತು, ಎರಡು ಮೂರು ದಿನ ಸರದಿಗಳನ್ನು ಹೆಚ್ಚಿಸಿದ ಮೇಲೆ ಪೂರ್ತಿ ಹೋಯಿತು.