ಚಳಿಗೆ ಮುಂಚೆ ಮನೆಯ ಸಂದು ಮುಚ್ಚಿ

ಶಿಕಾಗೋ ಕಡೆ ಹೊಸದಾಗಿ ಮನೆ ಕೊಂಡ ನಮ್ಮವರು ಚಳಿ ಅಂದ ಕೂಡಲೇ ಮನೆ ಬಿಸಿ ಮಾಡುವ ಯಂತ್ರ, ಅಂದರೆ ಹೊಸ ಫರ್ನೇಸ್ ಬೆಲೆ ವಿಚಾರಿಸುತ್ತಾರೆ. ಸ್ವಲ್ಪ ತಾಳಿ. ಬಿಸಿ ಗಾಳಿ ಸಂದಿಯಲ್ಲಿ ಆಚೆ ಹೋಗುತ್ತಿದ್ದರೆ ಒಳ್ಳೆಯ ಫರ್ನೇಸ್ ಕೂಡ ಸುಮ್ನೆ ಉರಿಯುತ್ತಲೇ ಇರುತ್ತದೆ. ಮೊದಲು ಸಂದು ಮುಚ್ಚಿ.

ಸಂದು ಹುಡುಕಲು ದೇವರ ಮನೆಯ ಊದುಬತ್ತಿ ಸಾಕು. ಗಾಳಿ ಜೋರಾಗಿರುವ ದಿನ ಫರ್ನೇಸ್ ಆಫ್ ಮಾಡಿ, ಕಿಟಕಿ ಬಾಗಿಲು ಮುಚ್ಚಿ. ಹಚ್ಚಿದ ಊದುಬತ್ತಿಯನ್ನು ಕಿಟಕಿಯ ಚೌಕಟ್ಟು, ಬಾಗಿಲ ಅಂಚು, ಹೊರಗೋಡೆಯ ಪ್ಲಗ್ ಪಾಯಿಂಟ್‌ಗಳ ಹತ್ತಿರ ಹಿಡಿಯಿರಿ. ಪರದೆಯಿಂದ ದೂರವಿರಲಿ. ಹೊಗೆ ಅಡ್ಡಕ್ಕೆ ಓಡಿದರೆ ಅಲ್ಲೇ ಸಂದು ಇದೆ. ಅಲುಗಾಡದ ಜಾಗಕ್ಕೆ ಕಾಕ್ (ಸಂದು ಮುಚ್ಚುವ ಪೇಸ್ಟ್) ತುಂಬಿ. ತೆರೆದು ಮುಚ್ಚುವ ಕಡೆ ವೆದರ್‌ಸ್ಟ್ರಿಪ್ ಎಂಬ ಮೆತ್ತನೆಯ ಪಟ್ಟಿ ಅಂಟಿಸಿ. ಬಾಗಿಲ ಅಡಿಯ ಸಂದಿಗೆ ಡೋರ್ ಸ್ವೀಪ್ ಪಟ್ಟಿ ಹಾಕಿ. ಸಾಮಾನ್ಯ ಕಾಕ್ ತೀರಾ ಥಂಡಿಯಲ್ಲಿ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೇ ಅಕ್ಟೋಬರ್‌ನಲ್ಲೇ ಮುಗಿಸಿ ಅನ್ನುವುದು.

ಕಿಟಕಿಗಿಂತ ಜಾಸ್ತಿ ನೋಡಬೇಕಾದ್ದು ಅಟ್ಟ. ಬಿಸಿ ಗಾಳಿ ಮೇಲಕ್ಕೇ ಏರುತ್ತದೆ ಅಲ್ವಾ? ಅಟ್ಟದ ಮುಚ್ಚಳದ ಸುತ್ತ, ವೈರು ಪೈಪು ಮೇಲೆ ಹೋಗುವ ತೂತುಗಳ ಸುತ್ತ ಮೊದಲು ಮುಚ್ಚಿ, ಆಮೇಲೆ ಶಾಖ ತಡೆಯುವ ಇನ್ಸುಲೇಷನ್ ಸುರಿಸಿ. ಫರ್ನೇಸ್ ಹೊಗೆ ಕೊಳವೆಯ ಸುತ್ತ ಮಾತ್ರ ಫೋಮ್ ಬೇಡ, ಅದು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕಾದ ಜಾಗ. ಇನ್ಸುಲೇಷನ್ ಎಷ್ಟು ಶಾಖ ತಡೆಯುತ್ತದೆ ಎಂಬುದರ ಅಳತೆ ಆರ್-ವ್ಯಾಲ್ಯೂ; ಈ ಹವೆಗೆ ಆರ್-49ರಿಂದ ಆರ್-60 ಬೇಕು. ಈಗಿರುವ ಇನ್ಸುಲೇಷನ್ ದಪ್ಪವನ್ನು ಟೇಪ್ ಹಿಡಿದು ಅಳೆಯಿರಿ. ಐದಾರು ಇಂಚಷ್ಟೇ ಇದ್ದರೆ ಖರ್ಚು ಮಾಡಬೇಕಾದ್ದು ಅಲ್ಲೇ. ಸೂರಿನ ಗಾಳಿಕಿಂಡಿ ಮಾತ್ರ ಮುಚ್ಚಬೇಡಿ, ತೇವ ನಿಂತು ಮರ ಕೊಳೆಯುತ್ತದೆ.

ಥರ್ಮೋಸ್ಟಾಟ್ ಹಗಲು 68 ಡಿಗ್ರಿ ಫ್ಯಾರನ್‌ಹೀಟ್ ಇರಲಿ. ದಿನಕ್ಕೆ 8 ಗಂಟೆ 7ರಿಂದ 10 ಡಿಗ್ರಿ ಇಳಿಸಿದರೆ ಮನೆ ಬಿಸಿ ಮಾಡುವ, ತಂಪು ಮಾಡುವ ವರ್ಷದ ಖರ್ಚಿನಲ್ಲಿ ಶೇ. 10ರವರೆಗೂ ಉಳಿಯಬಹುದು ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ರಾತ್ರಿ ರಜಾಯಿ ಹೊದ್ದು ಮಲಗುವಾಗ ಅಷ್ಟು ಬಿಸಿ ಬೇಕಾಗಿಯೂ ಇಲ್ಲ. ಫರ್ನೇಸ್ ಬದಲು ಹೀಟ್ ಪಂಪ್ (ಹೊರಗಿನ ಶಾಖವನ್ನು ಒಳಗೆ ತರುವ ಕರೆಂಟ್ ಯಂತ್ರ) ಇರುವವರು ಹೀಗೆ ಜಾಸ್ತಿ ಇಳಿಸಬೇಡಿ. ಮತ್ತೆ ಏರಿಸುವಾಗ ಒಳಗಿನ ಕರೆಂಟ್ ಹೀಟರ್ ಹೊತ್ತಿಕೊಂಡು ಉಳಿಸಿದ್ದೆಲ್ಲ ಹೋಗಬಹುದು.

ಒಗ್ಗರಣೆ ಹಾಕುವಾಗ ಎಕ್ಸಾಸ್ಟ್ ಖಂಡಿತ ಓಡಲಿ. ಹೊಗೆ, ಘಾಟು ಹೋದ ಮೇಲೆ ನಿಲ್ಲಿಸಿ, ಅದು ಬಿಸಿ ಗಾಳಿಯನ್ನೂ ಎಳೆದು ಹೊರಗೆ ಹಾಕುತ್ತದೆ. ಫರ್ನೇಸ್ ಫಿಲ್ಟರ್ ಬದಲಿಸಿ. ತೋಟದ ನಲ್ಲಿಯಿಂದ ಹೋಸ್ ಬಿಚ್ಚಿ, ಇಲ್ಲದಿದ್ದರೆ ನೀರು ಹೆಪ್ಪುಗಟ್ಟಿ ಪೈಪ್ ಒಡೆಯಬಹುದು.

ಸಂದು ಮುಚ್ಚಿದ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ (ಫರ್ನೇಸ್ ಕೆಟ್ಟರೆ ಬರಬಹುದಾದ, ವಾಸನೆಯಿಲ್ಲದ ವಿಷಾನಿಲ) ಅಲಾರಂ ಇರಲೇಬೇಕು. ಮಲಗುವ ಪ್ರತಿ ಕೋಣೆಯಿಂದ 15 ಅಡಿಯೊಳಗೆ ಒಂದು ಇರಬೇಕೆಂಬುದು ಇಲಿನಾಯ್ ಕಾನೂನು. ಫರ್ನೇಸ್ ಹಚ್ಚುವ ಮೊದಲು ಅಲಾರಂನ ಟೆಸ್ಟ್ ಬಟನ್ ಒತ್ತಿ ನೋಡಿ.