ಚೌಕಿಯಿಂದ ಹೊರಟರೆ ಮಡಿಕೇರಿ

ನೆಂಟರು ಬಂದರೆ ಕಾರು ಹತ್ತಿಸಿ ನೇರ ರಾಜಾಸೀಟಿಗೆ, ಕಣಿವೆ ನೋಡುವ ಉದ್ಯಾನಕ್ಕೆ, ಕರೆದೊಯ್ಯುವುದು ಮಡಿಕೇರಿಯ ನಮಗೆಲ್ಲ ರೂಢಿ. ನಾನೂ ಬಹಳ ವರ್ಷ ಹಾಗೇ ಮಾಡಿದೆ. ಮಂಜು ನೋಡಿ, ಫೋಟೊ ಹಿಡಿದು, ಕಾಫಿಪುಡಿ ಕಟ್ಟಿಸಿಕೊಂಡು ಹೊರಟುಬಿಡುತ್ತಿದ್ದರು. ಊರು ನೋಡಿದ್ದೇ ಇಲ್ಲ ಎಂದು ಆಮೇಲೆ ನನಗೇ ಕಸಿವಿಸಿ. ಹೋದ ಡಿಸೆಂಬರಿನಲ್ಲಿ ವಿಜಯಪುರದಿಂದ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಮೊದಲ ಸಲ ಬಂದಾಗ ಕ್ರಮವನ್ನೇ ಬದಲಿಸಿದೆ. ಶುರುವೇ ಚೌಕಿಯಿಂದ, ಅದೂ ಆದಷ್ಟು ನಡೆದೇ.

ಇಂದಿರಾ ಗಾಂಧಿ ವೃತ್ತ ಎಂಬುದು ಅದರ ಈಗಿನ ಹೆಸರು. ನಮ್ಮ ಬಾಯಲ್ಲಿ ಮಾತ್ರ ಅದು ಚೌಕಿಯೇ. ಧರಣಿ ಕೂರುವುದಿದ್ದರೂ, ಮೆರವಣಿಗೆ ನಿಲ್ಲುವುದಿದ್ದರೂ ಅಲ್ಲೇ. ಬೆಳಿಗ್ಗೆ ಎಂಟಕ್ಕೆ ಹೋದೆವು. ಅಂಗಡಿಗಳ ಬಾಗಿಲು ಒಂದೊಂದಾಗಿ ಮೇಲೇಳುತ್ತಿತ್ತು. 1681ರಲ್ಲಿ ಹಾಲೇರಿಯ ಮುದ್ದುರಾಜ ರಾಜಧಾನಿಯನ್ನು ಇಲ್ಲಿಗೆ ತಂದದ್ದು, ಮುದ್ದುರಾಜನ ಕೇರಿಯೇ ಸವೆದು ಮಡಿಕೇರಿ ಆದದ್ದು, ಎಲ್ಲವನ್ನೂ ಅಲ್ಲೇ ನಿಂತು ಹೇಳಿದೆ. ಪೇಟೆಯ ನಡುವೆ ನಿಂತು ಕೇಳಿದರೆ ಆ ಮಾತಿಗೆ ತೂಕ ಬರುತ್ತದೆ.

ಅಲ್ಲಿಂದ ಓಂಕಾರೇಶ್ವರ. ದಾರಿ ಇಳಿಜಾರು, ಅತ್ತೆಗೆ ಮಂಡಿನೋವು, ನಿಧಾನಕ್ಕೆ ಇಳಿದೆವು. ಕೆರೆಯ ಮೆಟ್ಟಿಲ ಬಳಿ ನಿಂತು ತಲೆ ಎತ್ತಿದವರು ಎರಡು ನಿಮಿಷ ಮಾತೇ ಆಡಲಿಲ್ಲ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರು. ಗೋಳಗುಮ್ಮಟದ ನೆರಳಲ್ಲಿ ಬೆಳೆದವರಲ್ಲವೇ!

“ಏನ್ರೀ ಇದು, ಮ್ಯಾಲ ಗುಮ್ಮಟ ಐತಿ, ಒಳಗ ಲಿಂಗ ಐತಿ?”

“ಹೌದು ಅತ್ತೆ, ಲಿಂಗರಾಜ 1820ರಲ್ಲಿ ಕಟ್ಟಿಸಿದ್ದು. ಲಿಂಗ ಕಾಶಿಯಿಂದ ಬಂದದ್ದಂತೆ.”

“ಛಲೋ ಕಟ್ಯಾನ ಬಿಡ್ರಿ.”

ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ ಪಾಪ ಕಳೆಯಲು ರಾಜ ಈ ಗುಡಿ ಕಟ್ಟಿಸಿದ ಎಂಬ ಐತಿಹ್ಯವನ್ನೂ ಹೇಳಿದೆ. ಅತ್ತೆ ಕೆರೆಯ ನಡುವಿನ ಮಂಟಪವನ್ನೇ ನೋಡುತ್ತಾ ಕೂತರು. ಪುರಿ ಎಸೆದಲ್ಲೆಲ್ಲ ಮೀನುಗಳು ಒಂದರ ಮೇಲೊಂದು ಬಿದ್ದು ನೀರು ಕುದಿದಂತೆ ಕಾಣುತ್ತಿತ್ತು. ಇಲ್ಲಿಗೆ ಒಂದು ಗಂಟೆಯನ್ನಾದರೂ ಇಟ್ಟುಕೊಳ್ಳಿ.

ಕೋಟೆಗೆ ಆಟೊ ಹಿಡಿದೆವು. ಹಿಂದೊಮ್ಮೆ ನೆಂಟರನ್ನು ಸೋಮವಾರ ಕರೆತಂದು, ವಸ್ತುಸಂಗ್ರಹಾಲಯದ ಬೀಗ ನೋಡಿ ಹಿಂತಿರುಗಿದ್ದೆ. ಈ ಸಲ ಬುಧವಾರ ಆರಿಸಿದ್ದೆ. ಮೊದಲು ಕೋಟೆ ಗಣಪತಿಗೆ ಈಡುಗಾಯಿ. ಮುದ್ದುರಾಜನ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟವನು ಟಿಪ್ಪು. 1790ರಲ್ಲಿ ಅದು ಕೊಡಗಿನ ರಾಜ ದೊಡ್ಡವೀರರಾಜೇಂದ್ರನ ಕೈಗೆ ಬಂತು. ಅಂಗಳದ ಎರಡು ಗಾರೆ ಆನೆಗಳು ನಿಜದ ಆನೆಯಷ್ಟೇ ದೊಡ್ಡವು. ಒಂದರ ಸೊಂಡಿಲು ಸವರಿ ಅತ್ತೆ ಕೈ ಮುಗಿದರು. 1855ರ ಸೇಂಟ್ ಮಾರ್ಕ್ಸ್ ಚರ್ಚೇ ಈಗ ವಸ್ತುಸಂಗ್ರಹಾಲಯ. ವೀರಗಲ್ಲುಗಳ ಮುಂದೆ ಅವಸರ ಮಾಡಬೇಡಿ.

ಊಟದ ನಂತರ ಮಹದೇವಪೇಟೆಯ ದಾರಿಯಾಗಿ ಗದ್ದಿಗೆ, ಅಂದರೆ ರಾಜರ ಸಮಾಧಿಗಳ ಜಾಗ. ಪ್ರವಾಸಿಗರು ಹೆಚ್ಚಾಗಿ ಬಿಟ್ಟುಹೋಗುವ ಜಾಗ ಇದು, ನನಗೆ ಬಹಳ ಬೇಕಾದದ್ದೂ ಇದೇ. ದೊಡ್ಡವೀರರಾಜೇಂದ್ರ ಮತ್ತು ಲಿಂಗರಾಜರ ಸಮಾಧಿಗಳಿಗೂ ಗುಮ್ಮಟವೇ, ಮೂಲೆಗಳಲ್ಲಿ ನಂದಿ. ಟಿಪ್ಪುವಿನ ಸೇನೆಯೊಡನೆ ಕಾದಿ ಮಡಿದ ಬಿದ್ದಂಡ ಬೋಪುವಿನ ಸಮಾಧಿಯೂ ಪಕ್ಕದಲ್ಲೇ ಇದೆ. ರಾಜನ ಹತ್ತಿರ ದಂಡಿನವನಿಗೂ ಜಾಗ ಕೊಟ್ಟಿದ್ದಾರೆ ನೋಡಿ ಎಂದಾಗ ನನ್ನ ಗಂಟಲು ಕಟ್ಟಿತು.

ಸಂಜೆ ರಾಜಾಸೀಟಿಗೂ ಹೋದೆವು. ಸೂರ್ಯ ಇಳಿಯುವುದನ್ನು ನೋಡಿದ್ದಾಯಿತು.

ಮನೆಗೆ ಮರಳುವಾಗ ಮತ್ತೆ ಚೌಕಿ. ಅಲ್ಲಿ ನಿಂತು ದಸರಾದ ಮಾತು ತೆಗೆದೆ. ನವರಾತ್ರಿಯ ಮೊದಲ ದಿನ ಪಂಪಿನ ಕೆರೆಯಿಂದ ನಾಲ್ಕು ಕರಗಗಳು ಹೊರಡುವುದು, ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು, ಅಂದರೆ ಪುರಾಣಕಥೆಯ ಸ್ತಬ್ಧಚಿತ್ರಗಳು, ಟ್ರ್ಯಾಕ್ಟರ್ ಮೇಲೆ ಬರುವುದು, ಅವುಗಳಲ್ಲಿ ಆಳೆತ್ತರದ ರಾಕ್ಷಸ ಗೊಂಬೆಗಳು ಕೈಕಾಲು ಆಡಿಸುವುದು, ಬೆಳಗಾಗುವವರೆಗೆ ಯಾರೂ ಮಲಗದಿರುವುದು.

ಅತ್ತೆ ರಸ್ತೆಯ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದರು. “ಹಂಗಾದ್ರ ದಸರಾಕ್ಕ ಬರ್ತೀನಿ. ಇಲ್ಲೇ ಎಲ್ಲ್ಯರೆ ನನಗೊಂದು ಖುರ್ಚಿ ಹಿಡಿದಿಡ್ರಿ.”